ಕೇಳಿ, ಮಾತಾಡೋಣ: ಎತ್ತಿಗೆ ಸೋಮವಾರ ಇದೆ, ನಮಗೆ ಯಾವ ವಾರ?

ಹೋದ ಸಂಚಿಕೇಲಿ ಶರಾವತಿ ಹಿನ್ನೀರಿನ ಲಾಂಚ್ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ, ಸೇತುವೆ ಬಂತು, ಸಿಗಂದೂರಿಗೆ ನಿಧಾನವಾಗಿ ನೀರು ದಾಟ್ಕೊಂಡು ಹೋಗೋ ಆ ಸುಖ ಹೋಯ್ತು ಅಂತ. ಅದಕ್ಕೆ ಬಂದಷ್ಟು ಓಲೆ ಈ ವರ್ಷ ಬೇರೆ ಯಾವ ಬರಹಕ್ಕೂ ಬಂದಿಲ್ಲ. ನಿಧಾನವಾಗಿ ಊರು ನೋಡೋದು ಹೇಗೆ ಅಂತ ಕೇಳಿದವರಿದಾರೆ, ಗಿಡದ ವಿಷಯ ಎತ್ತಿದವರಿದಾರೆ, ವಿಶ್ರಾಂತಿ ಅನ್ನೋ ಮಾತು ಕೇಳಿದ್ರೇ ಸಿಟ್ಟು ಬರುತ್ತೆ ಅಂದವರೂ ಇದಾರೆ. ಐದು ಓಲೆ ಆರಿಸ್ಕೊಂಡಿದೀನಿ. ಉತ್ತರ ಉದ್ದ ಆಗಿದೆ, ಬಿಡುವು ಮಾಡ್ಕೊಂಡು ಓದಿ.

ಪ್ರಶ್ನೆ: ಮೇಡಂ, ನಾನು ಸಮಾಜ ವಿಜ್ಞಾನದ ಮೇಷ್ಟ್ರಾಗಿ ಸೇರಿ ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವನು. ರಿಟೈರ್ ಆಗಿ ಒಂದೂವರೆ ವರ್ಷ ಆಯ್ತು. ಮೂವತ್ತನಾಲ್ಕು ವರ್ಷ ಬೆಲ್ಲಿಗೆ ಬದುಕಿದವನು. ಆಮೇಲೆ ದೇಶ ನೋಡ್ಬೇಕು ಅಂತ ಆಸೆ ಇತ್ತು, ಮಗ ಟೂರ್ ಪ್ಯಾಕೇಜ್ ಬುಕ್ ಮಾಡ್ಕೊಟ್ಟ, ಎಂಟು ದಿನ ಹದಿಮೂರು ಊರು. ಬೆಳಗ್ಗೆ ಐದಕ್ಕೆ ಎಬ್ಬಿಸೋರು, ರಾತ್ರಿ ಹತ್ತಾದ್ಮೇಲೆ ಲಾಡ್ಜು. ಮನೆಗೆ ಬಂದು ಫೋಟೋ ನೋಡಿದ್ರೆ ಯಾವ ದೇವಸ್ಥಾನ ಯಾವ ಊರಿಂದು ಅಂತ ನನಗೂ ಗೊತ್ತಾಗ್ಲಿಲ್ಲ, ನಮ್ಮ ಮನೆಯವರಿಗೂ ಗೊತ್ತಾಗ್ಲಿಲ್ಲ. ಈಗ ಮನೇಲಿ ಕೂತ್ರೆ ದಿನ ಹೋಗಲ್ಲ, ಹೊರಗೆ ಹೋದ್ರೆ ಸುಸ್ತು. ಬದುಕಿಗೆ ಇನ್ನೇನು ಅರ್ಥ ಇದೆ ಅಂತ ಒಂದೊಂದ್ಸಲ ಅನ್ನಿಸಿಬಿಡುತ್ತೆ. ಎಲ್ಲಿಂದ ಶುರು ಮಾಡ್ಲಿ? – ಹೆಸರು ಬೇಡ, ದಾವಣಗೆರೆ

ಉತ್ತರ: ಮೇಷ್ಟ್ರೇ, ಅರ್ಧ ಉತ್ತರ ನಿಮ್ಮ ಓಲೇಲೇ ಇದೆ, "ಬೆಲ್ಲಿಗೆ ಬದುಕಿದವನು" ಅಂತ ಬರ್ದಿದೀರಲ್ಲ, ಅಲ್ಲಿ. ಮೂವತ್ತನಾಲ್ಕು ವರ್ಷ ಸ್ಕೂಲ್ ಬೆಲ್ಲು, ಅದು ಮುಗೀತು ಅನ್ನೋ ಹೊತ್ತಿಗೆ ಟೂರಿನವರ ವಿಷಲ್ಲು. ಇಳೀರಿ, ಮುಕ್ಕಾಲು ಗಂಟೆ ಟೈಮು, ಹತ್ತಿ. ಊರೇನೋ ಬದಲಾಯ್ತು, ಗಂಟೆ ತಪ್ಪಲಿಲ್ಲ, ಹೊಡೆಯೋರು ಮಾತ್ರ ಬೇರೆಯವರಾದ್ರು. ಹಾಗಾಗಿ ಮೊದಲು ಆ ಗಂಟೆ ತೆಗೆದುಹಾಕೋಣ.

ಈ ಸಲ ಒಂದೇ ಊರು, ನಾಲ್ಕು ರಾತ್ರಿ. ಸಾಗರಕ್ಕೆ ಹೋಗಿ. ಯಾಕೆ ಸಾಗರ ಅಂದ್ರೆ ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯೋ ಹೊತ್ತಲ್ಲಿ ನಾನು ಹೀಗೇ ಹೋಗಿ ಉಳ್ಕೊಂಡಿದ್ದೆ, ಅದಕ್ಕಿಂತ ಹೆಚ್ಚಾಗಿ ನೀವು ಸಮಾಜ ವಿಜ್ಞಾನ ಹೇಳಿಕೊಟ್ಟವರು, ನೀವು ವರ್ಷಾನುಗಟ್ಟಲೆ ಬೋರ್ಡ್ ಮೇಲೆ ಬರ್ದು ಅಳಿಸಿದ್ದು ಎಷ್ಟೋ ವಿಷಯ ಆ ತಾಲ್ಲೂಕಲ್ಲಿ ನೆಲದ ಮೇಲೆ ಕಣ್ಣೆದುರಿಗೆ ಸಿಗುತ್ತೆ.

ಹೋಗೋದು ರೈಲಲ್ಲಿ. ಬಸ್ಸಲ್ಲಾದ್ರೆ ಬೇಗ ಶಿವಮೊಗ್ಗ ಮುಟ್ಟಿಬಿಡ್ತೀರಿ, ನಿಜ, ಆದ್ರೆ ದಾವಣಗೆರೆಯಿಂದ ಬೀರೂರಿಗೆ ಬಂದು, ಜಂಕ್ಷನ್ನಲ್ಲಿ ಇಳಿದು, ಕಾಫಿ ಕುಡಿದು, ಶಿವಮೊಗ್ಗ ಕಡೆ ಗಾಡಿ ಹಿಡೀರಿ. ಸಾಗರದ ಮೇಲೆ ಹೋಗೋ ತಾಳಗುಪ್ಪದ ಗಾಡಿ ಟೈಮ್ ಮೊದಲೇ ನೋಡ್ಕೊಳ್ಳಿ, ಕತ್ತಲಲ್ಲಿ ಹೋಗೋದಲ್ಲ, ಹಗಲಿಂದೇ ಬೇಕು. ತರೀಕೆರೆ, ಭದ್ರಾವತಿ, ಶಿವಮೊಗ್ಗ, ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಆಮೇಲೆ ಸಾಗರ. ಕುಂಸಿ ದಾಟ್ತಿದ್ದ ಹಾಗೆ ಕಿಟಕಿ ಗಾಳಿ ತಣ್ಣಗಾಗುತ್ತೆ, ಹೊಲ ಹೋಗಿ ಕಾಡು ಬರುತ್ತೆ, ಕಾಡು ಸರಿದು ಅಡಿಕೆ ತೋಟ ಬರುತ್ತೆ, ನಿಮ್ಮ ಬಯಲುಸೀಮೆ ಎಲ್ಲಿ ಮುಗಿದು ಮಲೆನಾಡು ಎಲ್ಲಿ ಶುರುವಾಯ್ತು ಅಂತ ಬೆರಳಿಟ್ಟು ತೋರಿಸೋಕಾಗಲ್ಲ, ಆದ್ರೆ ದಾಟಿದ್ದು ಮಾತ್ರ ಮೈಗೆ ಗೊತ್ತಾಗುತ್ತೆ. ಹಿಂದೆ ಮೀಟರ್ ಗೇಜ್ ಕಾಲದಲ್ಲಿ ಈ ಹಳಿ ಮೇಲೆ ಬಸ್ಸಿನ ಥರದ ಪುಟ್ಟ ಗಾಡಿ ಓಡ್ತಿತ್ತು, ರೈಲ್‌ಬಸ್ ಅಂತಿದ್ರು, ಆ ಕಡೆಯ ಹಿರಿಯರನ್ನ ಕೇಳಿ, ಕಥೆ ಕಥೆ ಹೇಳ್ತಾರೆ.

ಮೊದಲನೇ ದಿನ ಏನೂ ನೋಡ್ಬೇಡಿ. ಪೇಟೇಲಿ ಓಡಾಡಿ, ಊಟ ಮಾಡಿ, ಮಲಗಿ. ಎರಡನೇ ದಿನ ಇಕ್ಕೇರಿಗೆ ಹೋಗಿ, ಪೇಟೆಯಿಂದ ಆಟೋದಲ್ಲೇ ಹೋಗಿಬರೋ ದೂರ. ಕೆಳದಿ ನಾಯಕರು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ರಾಜಧಾನಿ ಬದಲಾಯಿಸಿದ್ರು ಅಂತ ನೀವೇ ಪಾಠ ಮಾಡಿರ್ತೀರಿ. ಅಘೋರೇಶ್ವರ ದೇವಸ್ಥಾನ ಅದು, ಎದುರಿಗೆ ದೊಡ್ಡ ನಂದಿ ಮಂಟಪ. ನಾನು ಮೊದಲ ಸಲ ಹೋದಾಗ ಎಲ್ಲರ ಹಾಗೆ ಗೋಡೆ ನೋಡಿದೆ, ತಲೆ ಎತ್ತಿ ಚಾವಣಿ ನೋಡಿದೆ, ಬಂದೆ. ಊರಲ್ಲೇ ಇದ್ದೆನಲ್ಲ, ಮಾರನೇ ದಿನ ಮತ್ತೆ ಹೋದೆ, ಯಾರೂ ಇರ್ಲಿಲ್ಲ, ಒಳಗೆ ತಣ್ಣನೆ ಕಲ್ಲಿನ ಮೇಲೆ ಕಂಬಕ್ಕೆ ಒರಗಿ ಕೂತೆ. ಕೂತಾಗ ಕಣ್ಣು ತಾನಾಗೇ ಕೆಳಗೆ ಹೋಯ್ತು. ನೆಲದಲ್ಲಿ ದೇವರಿಗೆ ನಮಸ್ಕಾರ ಮಾಡೋ ಭಂಗೀಲಿ ಮೂವರ ರೂಪ ಕೆತ್ತಿದಾರೆ, ಕೆಳದಿ ನಾಯಕರದು, ಹೆಸರು ಸಮೇತ. ಹಿಂದಿನ ದಿನ ನಾನು ಅವರ ಮೇಲೇ ಕಾಲಿಟ್ಟು ಓಡಾಡಿದ್ದೆ, ಗೊತ್ತೇ ಆಗಿರ್ಲಿಲ್ಲ. ಎಷ್ಟು ಜನರ ಪಾದ ತಾಗಿ ತಾಗಿ ಆ ಗೆರೆ ನುಣುಪಾಗಿದೆ, ಬೆರಳಾಡಿಸಿ ನೋಡಿದೆ, ಅರಸರು ತಾವೇ ಬಯಸಿ ಎಲ್ಲರ ಕಾಲಡಿ ಮಲಗಿದಾರಲ್ಲ ಅನ್ನಿಸಿ ಮೈ ಜುಂ ಅಂತು. ಅವತ್ತು ನಾನು ನೋಡಿದ್ದು ಅಷ್ಟೇ, ಇಡೀ ಬೆಳಗ್ಗೆ ಅದಕ್ಕೇ ಹೋಯ್ತು, ಇವತ್ತಿಗೂ ಮರೆತಿಲ್ಲ.

ಮೂರನೇ ದಿನ ವರದಾಮೂಲ. ಸಣ್ಣ ಕೊಳ, ಅಲ್ಲಿ ವರದಾ ನದಿ ಹುಟ್ಟುತ್ತೆ. ಆ ನೀರು ಬನವಾಸಿ ಮುಂದೆ ಹರ್ಕೊಂಡು ಹಾವೇರಿ ಜಿಲ್ಲೆಯ ಗಳಗನಾಥದ ಹತ್ರ ತುಂಗಭದ್ರೆ ಸೇರುತ್ತೆ, ನಿಮ್ಮ ಹರಿಹರ ದಾಟಿ ಬಂದ ಅದೇ ತುಂಗಭದ್ರೆ. ಅದೇ ತಾಲ್ಲೂಕಲ್ಲಿ ಶರಾವತಿ ಪಡುವಣಕ್ಕೆ ಓಡಿ ಜೋಗದಲ್ಲಿ ಬಿದ್ದು ಸಮುದ್ರಕ್ಕೆ ಹೋಗುತ್ತೆ. ಪೂರ್ವಕ್ಕೆ ಹರಿಯುವ ನದಿಗಳು, ಪಶ್ಚಿಮಕ್ಕೆ ಹರಿಯುವ ನದಿಗಳು ಅಂತ ಎಷ್ಟು ಮಕ್ಕಳ ಕೈಲಿ ಬರೆಸಿದೀರೋ, ಆ ಎರಡು ಸಾಲು ಅಲ್ಲಿ ಒಂದಕ್ಕೊಂದು ಬೆನ್ನು ಹಾಕಿ ನಿಂತಿರೋದನ್ನ ನೀವು ಒಂದ್ಸಲ ನೋಡ್ಬೇಡ್ವಾ?

ಜೋಗಕ್ಕೂ ಹೋಗಿ, ಆದ್ರೆ ಬೆಳಗ್ಗೆಯೇ ಹೋಗಿ ಮಧ್ಯಾಹ್ನದ ತನಕ ಇರಿ. 253 ಮೀಟರ್ ಎತ್ತರದಿಂದ ಬೀಳೋ ನೀರು, ಮಳೆಗಾಲದಲ್ಲಿ ಎಷ್ಟೋ ಸಲ ಹೋದ ತಕ್ಷಣ ಬರೀ ಬಿಳೀ ಮಂಜು, ಶಬ್ದ ಮಾತ್ರ ಕೇಳ್ಸುತ್ತೆ. ಟೂರಿನ ಬಸ್ಸಿನವರು ಏನೂ ಕಾಣ್ಲಿಲ್ಲ ಅಂತ ಹೊರಟುಬಿಡ್ತಾರೆ. ಕೂತಿದ್ರೆ ಮಂಜು ಸರಿಯುತ್ತೆ, ರಾಜ ಕಾಣುತ್ತೆ, ರಾಣಿ ಕಾಣುತ್ತೆ, ಮತ್ತೆ ಮುಚ್ಕೊಳ್ಳುತ್ತೆ.

ನಾಲ್ಕನೇ ದಿನ ನಿಮ್ಮ ಮನೆಯವರಿಗೆ ಬಿಟ್ಟಿದ್ದು. ಅವರು ಎಲ್ಲಿಗೂ ಬೇಡ ಅಂದ್ರೆ ಎಲ್ಲಿಗೂ ಬೇಡ. ಖರ್ಚಿನ ಮಾತು ಅಂದ್ರೆ ಬಸ್ಸಲ್ಲಿ ಅವರಿಗೆ ಶಕ್ತಿ ಯೋಜನೆ ಟಿಕೆಟ್ ಇದೆ, ನಿಮಗೆ 60 ದಾಟಿದೆ, ಸಾರಿಗೆ ಬಸ್ಸಲ್ಲಿ 25 ಪರ್ಸೆಂಟ್ ರಿಯಾಯ್ತಿ ಸಿಗುತ್ತೆ, ಆಧಾರ್ ಕಾರ್ಡ್ ಇಟ್ಕೊಳ್ಳಿ.

ದಿನ ಹೋಗಲ್ಲ ಅಂತ ಬರ್ದಿದೀರಿ. ವಾಪಸ್ ಬಂದ್ಮೇಲೆ ನಿಮ್ಮ ಹಳೇ ಸ್ಕೂಲಿಗೆ ಹೋಗಿ ಒಂದು ಪೀರಿಯಡ್ ಕೇಳಿ ತಗೊಳ್ಳಿ, ವರದಾ ನದಿ ಬಗ್ಗೆ ಮಕ್ಕಳ ಹತ್ರ ಮಾತಾಡಿ. ಪುಸ್ತಕದಲ್ಲಿ ಇರೋದಲ್ಲ, ಆ ಕೊಳದಲ್ಲಿ ಕೈ ಅದ್ದಿದಾಗ ನೀರು ಹೇಗಿತ್ತು ಅಂತ. ಅರ್ಥ ಎಲ್ಲೋ ಹೊಸ ಜಾಗದಲ್ಲಿ ಸಿಗುತ್ತೆ ಅಂತ ನೀವು ಹುಡುಕ್ತಿದೀರಿ, ನನಗೇನೋ ಅದು ನೀವು ಮೂವತ್ತನಾಲ್ಕು ವರ್ಷ ಹೇಳಿಕೊಟ್ಟ ಪಾಠದಲ್ಲೇ ಇದೆ, ನೀವು ಅವಸರದಲ್ಲಿ ದಾಟಿ ಬಂದಿದೀರಿ ಅಷ್ಟೆ ಅನ್ಸುತ್ತೆ.

ಪ್ರಶ್ನೆ: ಲಾಂಚ್ ಹೋತು ಅಂತ ಬೇಜಾರು ಮಾಡ್ಕಂಡು ಬರೆದಿದ್ರಿ, ಓದಿ ಹೊಟ್ಟೆ ಉರೀತು. ನಾವು ಹೊಳೆ ಆಚೆಯವರು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ನಮ್ಮಜ್ಜನ ಗದ್ದೆ, ತೋಟ, ಮನೆ ಎಲ್ಲ ಮುಳುಗಿದ್ದು. ರಾಜ್ಯಕ್ಕೆಲ್ಲ ಕರೆಂಟ್ ಹೋತು, ನಾವು ದ್ವೀಪದವರಾದ್ವಿ. ಸಂಜೆ ಕಡೇ ಲಾಂಚ್ ಹೋದ್ಮೇಲೆ ಹೆರಿಗೆ ನೋವು ಬಂದ್ರೆ, ಹಾವು ಕಡಿದ್ರೆ ಏನ್ ಮಾಡ್ತಿದ್ರು ಅಂತ ಯೋಚ್ನೆ ಮಾಡಿದೀರಾ? ಬೇಸಿಗೇಲಿ ನೀರಿಳಿದ್ರೆ ವಾಹನಾನೇ ಹತ್ತಿಸ್ತಿರಲಿಲ್ಲ. ನಿಮಗೆ ಅದು ಟ್ರಿಪ್ಪು ಮೇಡಂ, ನಮಗೆ ಅದೇ ರಸ್ತೆ. – ಓದುಗ, ತುಮರಿ ಕಡೆಯವನು

ಉತ್ತರ: ನೀವು ಹೇಳಿದ್ದು ಸರಿ, ನಾನು ಬರ್ದಿದ್ದು ತಪ್ಪು. ಕ್ಷಮಿಸಿ.

ನಾನು ಆ ಲಾಂಚಲ್ಲಿ ಹೋಗಿದ್ದು ಮೂರೇ ಸಲ. ಮೂರೂ ಸಲ ಕಟಕಟೆ ಹಿಡ್ಕೊಂಡು ನೀರು ನೋಡ್ತಾ ನಿಂತೆ, ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತ ಅಜ್ಜಿ ಯಾಕೆ ನೀರು ನೋಡ್ತಿಲ್ಲ, ಯಾಕೆ ಪದೇ ಪದೇ ದಡ ನೋಡ್ತಿದಾರೆ ಅಂತ ಅವತ್ತು ನನಗೆ ಹೊಳೀಲಿಲ್ಲ. ಅವರಿಗೆ ಬಸ್ ತಪ್ಪೋ ಭಯ ಇತ್ತೇನೋ, ಆಸ್ಪತ್ರೆ ಬಾಗಿಲು ಹಾಕೋ ಭಯ ಇತ್ತೇನೋ. ಅಲ್ಲೇ ಕೂತು ಅವರನ್ನ ಒಂದು ಮಾತು ಕೇಳಿದ್ರೆ ಗೊತ್ತಾಗ್ತಿತ್ತು. ನಿಧಾನವಾಗಿ ಹೋದೆ ಅಂತ ಬರ್ಕೊಂಡೆ, ಪಕ್ಕದಲ್ಲಿದ್ದವರನ್ನೇ ನೋಡ್ಲಿಲ್ಲ, ಅಂಥಾ ನಿಧಾನಕ್ಕೆ ಏನು ಬೆಲೆ?

ನಮ್ಮಿಷ್ಟಕ್ಕೆ ನಿಧಾನ ಹೋಗೋದು ಬೇರೆ, ಬೇರೆ ದಾರಿ ಇಲ್ದೆ ಅರವತ್ತು ವರ್ಷ ಕಾಯೋದು ಬೇರೆ. ಮೊದಲನೇದನ್ನ ಸುಖ ಅನ್ನಬಹುದು, ಎರಡನೇದಕ್ಕೆ ಆ ಹೆಸರು ಕೊಡೋ ಹಕ್ಕು ನನಗಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆ ಓಪನ್ ಆದ ದಿನ ನಿಮ್ಮ ಊರಲ್ಲಿ ಹೇಗಿತ್ತು ಅಂತ ಬರೆದು ಕಳಿಸಿ, ಕತ್ತರಿ ಹಾಕದೆ ಇದೇ ಪುಟದಲ್ಲಿ ಹಾಕ್ತೀನಿ. ದಾವಣಗೆರೆ ಮೇಷ್ಟ್ರೇ, ನೀವೂ ಆ ಕಡೆ ಹೋದ್ರೆ ಸೇತುವೆ ಮೇಲೆ ನಿಂತು ಫೋಟೋ ತೆಗೆಯೋ ಮುಂಚೆ ಅಡಿಯಲ್ಲಿರೋ ನೀರಲ್ಲಿ ಯಾರ ಗದ್ದೆ ಇದೆ ಅಂತ ಒಬ್ಬರನ್ನ ಕೇಳಿ.

ಪ್ರಶ್ನೆ: ಅಕ್ಕಾ, ನಂಗೆ 31, ಸಾಫ್ಟ್‌ವೇರ್ ಕೆಲಸ, ಬಾಡಿಗೆ ಮನೆ, ಮೇಲೆ ಟೆರೇಸ್ ಬಳಸ್ಕೊಳ್ಳಿ ಅಂತ ಓನರ್ ಆಂಟಿ ಹೇಳಿದಾರೆ. ಸ್ಟ್ರೆಸ್ ಕಮ್ಮಿ ಆಗುತ್ತೆ ಗಾರ್ಡನಿಂಗ್ ಮಾಡು ಅಂತ ಎಲ್ಲರೂ ಹೇಳಿದ್ರು, ಒಂದೇ ಸಲ 24 ಕುಂಡ ತಂದೆ. ಫೋನಲ್ಲಿ ರಿಮೈಂಡರ್ ಇಟ್ಕೊಂಡು ದಿನಾ ಎರಡು ಹೊತ್ತು ತಪ್ಪದೆ ನೀರು ಹಾಕಿದೀನಿ. ಮೂರು ತಿಂಗಳಲ್ಲಿ 16 ಸತ್ತೋಯ್ತು. ಈಗ ಟೆರೇಸ್ ಹತ್ತೋಕೇ ಬೇಜಾರು, ಆಫೀಸಲ್ಲಿ ಸೋತಿದ್ದು ಸಾಲ್ದು ಅಂತ ಇಲ್ಲೂ ಸೋತೆ ಅನ್ಸುತ್ತೆ. – ಬೆಂಗಳೂರು

ಉತ್ತರ: ತಂಗೀ, ಮೊದಲು ಒಂದು ಸಮಾಧಾನದ ಮಾತು, 24ರಲ್ಲಿ 8 ಉಳಿಸಿದೀಯಲ್ಲ, ಮೊದಲ ವರ್ಷಕ್ಕೆ ಅದೇನು ಕಮ್ಮಿ ಅಲ್ಲ. ಸತ್ತಿದ್ದಕ್ಕೆ ಕಾರಣ ನಿನ್ನ ಅಸಡ್ಡೆ ಅಲ್ವೇ ಅಲ್ಲ, ನೀನು ಬಿಡದೆ ಹಾಕಿದ ನೀರು. ಕುಂಡದ ಗಿಡ ಒಣಗಿ ಸಾಯೋದಕ್ಕಿಂತ ಬೇರು ಕೊಳೆತು ಸಾಯೋದು ಹೆಚ್ಚು. ಮಣ್ಣಲ್ಲಿ ಗಾಳಿ ಆಡ್ಬೇಕು, ಬೇರೂ ಉಸಿರಾಡುತ್ತೆ, ದಿನಾ ಎರಡು ಸಲ ತುಂಬಿಸಿದ್ರೆ ಅದಕ್ಕೆ ಉಸಿರುಕಟ್ಟುತ್ತೆ, ಎಲೆ ಹಳದಿಯಾಗಿ ಜೋತುಬೀಳುತ್ತೆ, ನಾವು ಅಯ್ಯೋ ಬಾಡ್ತಿದೆ ಅಂತ ಇನ್ನೊಂದು ಚೊಂಬು ಹಾಕ್ತೀವಿ.

ರಿಮೈಂಡರ್ ತೆಗೆದುಬಿಡು. ಬೆರಳು ಇಡು. ತೋರುಬೆರಳ ಮೊದಲನೇ ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ ನೋಡು, ತೇವ ಇದ್ರೆ ಅವತ್ತು ಬೇಡ, ಒಣಗಿದ್ರೆ ತಳದ ತೂತಿಂದ ನೀರು ಬರೋ ತನಕ ಹಾಕು, ತಟ್ಟೇಲಿ ನಿಂತ ನೀರು ಚೆಲ್ಲು. ಆಷಾಢದ ಮೋಡದಲ್ಲಿ ನಾಲ್ಕು ದಿನಕ್ಕೊಂದ್ಸಲ ಸಾಕಾಗಬಹುದು, ಏಪ್ರಿಲ್ ಬಿಸಿಲಲ್ಲಿ ದಿನಾ ಬೇಕಾಗಬಹುದು. ಕ್ಯಾಲೆಂಡರ್ ನೋಡಿ ಇದನ್ನ ಹೇಳೋಕಾಗಲ್ಲ. ಬಿಳೀ ಹಿಟ್ಟು ತಿಗಣೆ ಬಂದ್ರೆ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ ತೆಗೆದು, ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಸೇರಿಸಿ ಸಂಜೆ ಹೊತ್ತು ಸಿಂಪಡಿಸು.

ಹೊಸ ಕುಂಡ ತರ್ಬೇಡ. ಇರೋ 8 ಇರ್ಲಿ, ಖಾಲಿ ಆದ ಎರಡರಲ್ಲಿ ಮಾತ್ರ ಹೊಸದು ಹಾಕು. ಒಂದರಲ್ಲಿ ಹರಿವೆ ಬೀಜ ಉದುರಿಸು, ನಾಲ್ಕೈದು ದಿನಕ್ಕೆ ಮೊಳಕೆ, 25-30 ದಿನಕ್ಕೆ ಸೊಪ್ಪು ಕೀಳಬಹುದು. ಇನ್ನೊಂದರಲ್ಲಿ ಬಸಳೆ. ಅದಕ್ಕೆ ಬೀಜಾನೂ ಬೇಡ, ಮಾರ್ಕೆಟ್ಟಿಂದ ತಂದ ಬಸಳೆ ದಂಟಲ್ಲಿ ಗೇಣುದ್ದ ಉಳಿಸ್ಕೊಂಡು ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ನೆಡು. ಹತ್ತು ದಿನ ಏನೂ ಆಗಲ್ಲ. ಎಲೆ ಇದ್ದಿದ್ದೂ ಉದುರುತ್ತೆ, ಬರೀ ಕೋಲು ನಿಂತಿರುತ್ತೆ. ಕಿತ್ತು ನೋಡೋಣ ಬೇರು ಬಂದಿದ್ಯಾ ಅಂತ ಕೈ ತುರಿಸುತ್ತೆ, ಕೀಳ್ಬೇಡ. ಒಂದು ಬೆಳಗ್ಗೆ ಗೆಣ್ಣಿನ ಸಂದೀಲಿ ಜೀರಿಗೆ ಗಾತ್ರದ ಹಸಿರು ಹೊಳೆಯುತ್ತೆ, ಮಾರನೇ ದಿನ ಅದು ಮಡಚಿದ ಪುಟ್ಟ ಎಲೆ ಅಂತ ಗೊತ್ತಾಗುತ್ತೆ, ಮೂರನೇ ದಿನ ಎಣ್ಣೆ ಸವರಿದ ಹಾಗೆ ಮಿಂಚ್ತಾ ಬಿಚ್ಕೊಂಡಿರುತ್ತೆ. ನಾನು ಇಪ್ಪತ್ತು ವರ್ಷದಿಂದ ಬಸಳೆ ಬೆಳೀತಿದೀನಿ, ಆ ಜೀರಿಗೆ ಹಸಿರು ನೋಡಿದ ದಿನ ಇವತ್ತಿಗೂ ಮನೆಯವರನ್ನೆಲ್ಲ ಕರೆದು ತೋರಿಸ್ತೀನಿ.

ನಮ್ಮ ಭಾಷೇಲಿ ಕಾಯೋದು ಅಂದ್ರೆ ಏನೇನಿದೆ ನೋಡು. ಬಸ್ಸಿಗೆ ಕಾಯ್ತೀವಿ. ದನ ಕಾಯ್ತೀವಿ, ಹೊಲ ಕಾಯ್ತೀವಿ. ಒಲೆ ಮೇಲೆ ಹಾಲು ಕಾಯುತ್ತೆ. ಸುಮ್ಮನೆ ಹೊತ್ತು ನೂಕೋದಕ್ಕೂ, ಒಂದನ್ನ ಜೋಪಾನ ಮಾಡೋದಕ್ಕೂ, ಒಳಗೊಳಗೇ ಬಿಸಿ ಏರೋದಕ್ಕೂ ಒಂದೇ ಮಾತು. ಆ ಹತ್ತು ದಿನ ನೀನು ಬರೀ ಕೋಲಿನ ಮುಂದೆ ಕಾಯ್ತೀಯಲ್ಲ, ಅದು ಕೆಲಸ ನಿಂತುಹೋಗಿರೋ ಹೊತ್ತಲ್ಲ, ಮಣ್ಣೊಳಗೆ ಬೇರು ಬಿಡ್ತಿರೋ ಹೊತ್ತು. ನಿಮ್ಮ ಆಫೀಸಲ್ಲಿ ವಾರವಾರ ರಿಪೋರ್ಟ್ ಕೊಡ್ಬೇಕೇನೋ, ಬಸಳೆ ಯಾರಿಗೂ ರಿಪೋರ್ಟ್ ಕೊಡಲ್ಲ, ಅದರ ಹತ್ರ ಹೋದಾಗ ನೀನೂ ಕೊಡ್ಬೇಕಾಗಿಲ್ಲ. ಸೋತೆ ಗೆದ್ದೆ ಅನ್ನೋ ಲೆಕ್ಕಾನ ಮೆಟ್ಟಿಲ ಕೆಳಗೆ ಬಿಟ್ಟು ಹತ್ತು.

ಸತ್ತ 16 ಗಿಡದ ಮಣ್ಣು ಬಿಸಾಡ್ಬೇಡ, ಬಿಸಿಲಲ್ಲಿ ಹರಡಿ ವಾರ ಒಣಗಿಸಿ, ಕಾಂಪೋಸ್ಟ್ ಬೆರೆಸಿದ್ರೆ ಮುಂದಿನ ಹರಿವೆಗೆ ಆಗುತ್ತೆ.

ಪ್ರಶ್ನೆ: ನಾನು ಐರ್ಲೆಂಡಲ್ಲಿ ಇದೀನಿ. ಡಿಸೆಂಬರಲ್ಲಿ ಮೂರು ವಾರ ರಜೆ ಹಾಕಿ ಊರಿಗೆ ಬರ್ತಿದೀನಿ. ಹದಿನಾಲ್ಕು ನೆಂಟರ ಮನೆ, ಎರಡು ಮದುವೆ, ಹಂಪಿ, ಕೂರ್ಗ್, ಗೋಕರ್ಣ ಅಂತ ಲಿಸ್ಟ್ ರೆಡಿ ಇದೆ. ಪ್ರತೀ ಸಲ ಇಲ್ಲಿಗೆ ವಾಪಸ್ ಬಂದ್ಮೇಲೆ ರೆಸ್ಟ್ ತಗೊಳ್ಳೋಕೆ ಇನ್ನೊಂದು ರಜೆ ಬೇಕು ಅನ್ಸುತ್ತೆ. ಈ ಸಲ ಹಾಗಾಗಬಾರ್ದು. – ಅಮ್ಮನ ಮನೆ ಹಾಸನದ ಹತ್ರ ಹಳ್ಳಿ

ಉತ್ತರ: ಲಿಸ್ಟ್‌ನಲ್ಲಿ ಅಮ್ಮ ಎಲ್ಲಪ್ಪಾ? ಮೊದಲ ಏಳು ದಿನ ಅಮ್ಮನ ಮನೆ ಬಿಟ್ಟು ಕದಲ್ಬೇಡ. ಡಿಸೆಂಬರಂದ್ರೆ ನಿಮ್ಮ ಕಡೆ ಅವರೆಕಾಯಿ ಕಾಲ, ಅಮ್ಮನ ಜೊತೆ ಜಗಲೀಲಿ ಕೂತು ಹಿತಕಿದ ಅವರೆಬೇಳೆಗೆ ಕಾಳು ಹಿತುಕು, ನೆನೆಸಿದ ಕಾಳಿನ ಸಿಪ್ಪೆ ಬೆರಳಲ್ಲಿ ಒಂದೊಂದಾಗಿ ಜಾರಿಸೋ ಕೆಲಸ, ಒಂದು ಗಂಟೆ ಕೂತ್ರೂ ಒಂದು ಬೋಗುಣಿ ತುಂಬಲ್ಲ. ವಿಡಿಯೋ ಕಾಲಲ್ಲಿ ಬಾರದೇ ಇರೋ ಮಾತು ಆ ಒಂದು ಗಂಟೇಲಿ ಬರುತ್ತೆ. ಎರಡು ಮದುವೇಲೇ ಹದಿನಾಲ್ಕು ಮನೆಯವರೂ ಸಿಗ್ತಾರೆ. ಹಂಪಿ ಎಲ್ಲಿಗೂ ಹೋಗಲ್ಲ.

ಪ್ರಶ್ನೆ: ಅಕ್ಕಾರ, ನಿಮ್ಮ ಪುಟ ತಪ್ಪದ ಓದತೇನ್ರಿ. ವಿಶ್ರಾಂತಿ ತಗೋರಿ, ಸುಮ್ನ ಕೂಡ್ರಿ ಅಂತ ಬರೀತೀರಿ, ಓದಾಕ ಛಲೋ ಅನಸ್ತೈತಿ. ಆದ್ರ ನಮ್ಮಂಥಾವ್ರಿಗೆ ಎಲ್ಲೈತ್ರಿ ವಿಶ್ರಾಂತಿ? ಮುಂಜಾನೆ ಐದಕ್ಕ ಎದ್ರ ರಾತ್ರಿ ಹನ್ನೊಂದರ ತನಕಾ ಒಲೀ ಮುಂದ. ದಿನಾ ಇಪ್ಪತ್ತು ರೊಟ್ಟಿ ಬಡೀಬೇಕು. ನಮ್ಮ ಮನೆಯವ್ರು ಹೋದ ವರ್ಷ ರಿಟೈರ್ ಆದ್ರು, ಅವರಿಗೆ ಹಾರ ಹಾಕಿ ಶಾಲು ಹೊಚ್ಚಿ ಕಳಿಸಿದ್ರು. ನಂದು ಯಾವಾಗ್ರಿ ರಿಟೈರ್ಮೆಂಟು? ಮಧ್ಯಾಹ್ನ ಹತ್ತು ನಿಮಿಷ ಅಡ್ಡಾದ್ರ ಸುದ್ದಾ ಏನೋ ತಪ್ಪು ಮಾಡೇನಿ ಅನ್ನೋಹಂಗ ಎದಿ ಢವಢವ ಅಂತೈತಿ. ಸವದತ್ತ್ಯಾಗ ತಂಗಿ ಅದಾಳ, ಆಕೀ ಮನೀಗೆ ಹೋಗಿ ಮೂರು ವರ್ಷ ಆತು. – 54 ವರ್ಷ, ಧಾರವಾಡ

ಉತ್ತರ: ಅಕ್ಕಾ, ನಿಮ್ಮ ಓಲೆ ಓದಿ ನಮ್ಮಮ್ಮ ನೆನಪಾದ್ರು. ಅವರು ಸುಮ್ಮನೆ ಕೂತಿದ್ದನ್ನ ನಾನು ನೋಡೇ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಹೊಸಿಲ ಹತ್ರ ಕಾಲು ಚಾಚಿ ಕೂರೋರು, ಆದ್ರೆ ತೊಡೆ ಮೇಲೆ ಮೊರ, ಮೊರದಲ್ಲಿ ಅಕ್ಕಿ. ಕಲ್ಲು ಆರಿಸ್ತಿದಾರೆ ಅಂತ ನಾವು ಅಂದ್ಕೊಂಡಿದ್ವಿ. ಒಂದಿನ ನಾನು ಸಹಾಯ ಮಾಡ್ತೀನಿ ಅಂತ ಪಕ್ಕದಲ್ಲಿ ಕೂತು ನೋಡಿದ್ರೆ ಆ ಅಕ್ಕೀಲಿ ಒಂದೇ ಒಂದು ಕಲ್ಲಿಲ್ಲ, ಬೆಳಗ್ಗೇನೇ ಆರಿಸಿ ಮುಗಿಸಿದ ಅಕ್ಕಿ ಅದು. ಬರಿಗೈಲಿ ಕೂತ್ರೆ ಯಾರಾದ್ರೂ ಏನಾದ್ರೂ ಅಂದಾರು ಅಂತ ಮೊರ ಇಟ್ಕೊಂಡು ಕೂರ್ತಿದ್ರು. ಆಗ ನಾನು ಹದಿನೈದು ವರ್ಷದವಳು, ನಕ್ಕಿದ್ದೆ. ಈಗ ನೆನಪಾದ್ರೆ ಗಂಟಲು ಕಟ್ಟುತ್ತೆ.

ನಿಮ್ಮ ಎದೆ ಢವಢವ ಅನ್ನೋದು ನಿಮ್ಮ ತಪ್ಪಲ್ಲ, ಅದನ್ನ ನಮ್ಮೆಲ್ಲರೊಳಗೂ ಚಿಕ್ಕಂದಿನಿಂದ ತುಂಬಿದಾರೆ. ಆದ್ರೂ ಒಂದು ವಿಷಯ ಮೊದಲು ಹೇಳ್ಬಿಡ್ತೀನಿ, ಎದೆ ಹೊಡ್ಕೊಳ್ಳುತ್ತೆ ಅಂತ ಬರ್ದಿದೀರಿ, ಡಾಕ್ಟ್ರ ಹತ್ರ ಹೋಗಿ ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸ್ಕೊಳ್ಳಿ. ಇದನ್ನ ಮುಂದಿನ ತಿಂಗಳಿಗೆ ಅಂತ ಹಾಕ್ಬೇಡಿ.

ಇನ್ನು ವಿಶ್ರಾಂತಿ. ನಿಮ್ಮ ಕಡೆಯಲ್ಲೂ ನಮ್ಮ ಕಡೆಯಲ್ಲೂ ಎಷ್ಟೋ ಹಳ್ಳೀಲಿ ಸೋಮವಾರ ಎತ್ತು ಹೂಡಲ್ಲ. ಬಸವಣ್ಣನ ವಾರ. ಮಳೆ ಬಂದು ಹದ ಹೋಗ್ತಿದ್ರೂ ಹೂಡಲ್ಲ. ತುಳುನಾಡಲ್ಲಿ ಕೆಡ್ಡಸ ಅಂತ ಮಾಡ್ತಾರೆ, ಫೆಬ್ರವರಿ ಹೊತ್ತಿಗೆ ಬರುತ್ತೆ, ಮೂರು ದಿನ ಭೂಮಿತಾಯಿ ಮುಟ್ಟಾಗಿದಾಳೆ ಅಂತ ನೆಲ ಉಳಲ್ಲ, ಅಗೆಯಲ್ಲ, ಹಸಿ ಮರ ಕಡಿಯಲ್ಲ, ಕಡೇ ದಿನ ಎಣ್ಣೆ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡ್ತಾರೆ. ನೆಲಕ್ಕೆ ಮೂರು ದಿನ, ಎತ್ತಿಗೆ ವಾರಕ್ಕೊಂದು ದಿನ ಅಂತ ಗೊತ್ತು ಮಾಡಿದವರು ಒಲೆ ಮುಂದೆ ನಿಂತವಳಿಗೆ ಯಾವ ವಾರಾನೂ ಬರೆದಿಡ್ಲಿಲ್ಲ ನೋಡಿ. ಅವರು ಬರೀಲಿಲ್ಲ ಅಂದ್ಮೇಲೆ ನಾವೇ ಬರ್ಕೊಬೇಕು.

ನೀವು ಒಂದು ವಾರ ಗೊತ್ತು ಮಾಡಿ. ಬುಧವಾರ ಅಂದ್ಕೊಳ್ಳಿ. ಬುಧವಾರ ಸಂಜೆ ನೀವು ಒಲೆ ಹಚ್ಚಲ್ಲ. ಕೇಳ್ಬೇಡಿ, ಹೇಳಿ. "ನಾನು ಬುಧವಾರ ಸಂಜೆ ಅಡಗಿ ಮಾಡೂದಿಲ್ಲ" ಅಂತ ಒಂದೇ ವಾಕ್ಯ, ಕಾರಣ ಕೊಡೋಕೆ ಹೋದ್ರೆ ಕಾರಣಕ್ಕೆ ಉತ್ತರ ಬರುತ್ತೆ. ನಿಮ್ಮೂರಲ್ಲಿ ರೊಟ್ಟಿ ಮಾಡಿ ಮಾರೋ ಹೆಣ್ಣುಮಕ್ಕಳು ಬೇಕಾದಷ್ಟಿದಾರೆ, ಖಡಕ್ ರೊಟ್ಟಿ ಕಟ್ಟು ತಂದಿಟ್ರೆ ವಾರ ಇರುತ್ತೆ, ಶೇಂಗಾ ಚಟ್ನಿಪುಡಿ, ಮೊಸರು, ಅವತ್ತಿನ ಊಟ ಆಯ್ತು. ನಿಮ್ಮ ಮನೆಯವರು ಆಫೀಸು ನಡೆಸಿದವರು, ಅನ್ನಕ್ಕೆ ಎಷ್ಟು ನೀರು ಅಂತ ಕಲಿಯೋದು ಅವರಿಗೆ ಕಷ್ಟ ಆಗಲ್ಲ. ಮೊದಲ ಎರಡು ಬುಧವಾರ ಮನೇಲಿ ಮುಖ ದಪ್ಪ ಆಗುತ್ತೆ, ನಿಮಗೇ ಎದ್ದು ಹೋಗಿ ಮಾಡಿಬಿಡೋಣ ಅನ್ಸುತ್ತೆ, ಆಗ ಚಪ್ಪಲಿ ಮೆಟ್ಕೊಂಡು ಹೊರಗೆ ಒಂದು ಸುತ್ತು ಹೋಗಿಬನ್ನಿ.

ಆಮೇಲೆ ಸವದತ್ತಿ. 2023ರ ಜೂನಿಂದ ನಿಮಗೆ ಬಸ್ ಚಾರ್ಜಿಲ್ಲ, ಮೂರು ವರ್ಷ ಆದ್ರೂ ತಂಗಿ ಮನೆಗೆ ಹೋಗಿಲ್ಲ ಅಂದ್ರೆ ಅಡ್ಡ ಬಂದಿದ್ದು ದುಡ್ಡಲ್ಲ. ಕೆಂಪು ಬಸ್ ಹತ್ತಿ, ಕಿಟಕಿ ಪಕ್ಕ ಕೂತ್ಕೊಳ್ಳಿ. ಮೊಬೈಲ್ ಬ್ಯಾಗಲ್ಲಿರ್ಲಿ. ಎರಿ ಹೊಲ ನೋಡ್ಕೊಂಡು ಹೋಗಿ, ಹಿಂಗಾರಿ ಜೋಳ ಎದ್ದಿರೋ ಕಾಲದಲ್ಲಿ ಹೋದ್ರೆ ಇನ್ನೂ ಚೆನ್ನ. ಒಂದು ರಾತ್ರಿ ಉಳೀರಿ. ತಂಗಿ ಮನೇಲೂ ಅಭ್ಯಾಸಬಲ, ಹೋದ ತಕ್ಷಣ ರೊಟ್ಟಿ ಬಡಿಯೋಕೆ ಕೂತುಬಿಡ್ತೀರಿ, ಕೂರ್ಬೇಡಿ. ಅವರೂ ಬಡಿಯೋದು ಬೇಡ, ಆ ರಾತ್ರಿ ಇಬ್ಬರೂ ಮಂಡಕ್ಕಿ ಒಗ್ಗರಣೆ ತಿಂದು ಮಾತಾಡ್ತಾ ಮಲ್ಕೊಳ್ಳಿ.

ನಿಮ್ಮ ಕಡೆ ಮಂದಿ ಸಿಕ್ಕಾಗೆಲ್ಲ "ಆರಾಮ ಅದೀರಿ?" ಅಂತ ಕೇಳ್ತಾರೆ, ನನಗೆ ಬಹಳ ಇಷ್ಟದ ಮಾತದು. ಹಳೇ ಕನ್ನಡ ಪುಸ್ತಕದಲ್ಲಿ ಆರಾಮ ಅಂದ್ರೆ ತೋಟ ಅಂತಾನೂ ಅರ್ಥ ಇದೆ, ಹೂವಿನ ತೋಟ. ನಿಮಗೆ ಅಂಥಾದ್ದೊಂದು ಗೇಣು ಜಾಗ ಮನೇಲಿ ಬೇಕು, ಹಿತ್ತಲ ಕಲ್ಲಾಗಲಿ, ಮಾಳಿಗೆ ಮೂಲೆಯಾಗಲಿ, ದುಂಡು ಮಲ್ಲಿಗೆ ಬಳ್ಳಿ ಪಕ್ಕ ಆಗಲಿ. ಮಧ್ಯಾಹ್ನ ಅಲ್ಲಿ ಹತ್ತೇ ನಿಮಿಷ ಕೂತ್ಕೊಳ್ಳಿ. ಮೊರ ಇಲ್ಲದೆ.

ಯಾವ ವಾರ ಗೊತ್ತು ಮಾಡ್ಕೊಂಡ್ರಿ ಅಂತ ನನಗೆ ಒಂದು ಕಾರ್ಡ್ ಹಾಕಿ. ಅವತ್ತು ನಾನೂ ಒಲೆ ಹಚ್ಚಲ್ಲ.